ಕೈಯ ಕೊಳೆಯೋ, ಪುಡಿಯ ಗುಣವೋ

ಅವರು ಪ್ರಯೋಗಾಲಯದ ಕುಲುಮೆಯ ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದಾರೆ. ಹೊರಗೆ ಈಗಷ್ಟೇ ಬೆಳಕು ಹರಿಯುತ್ತಿದೆ. ಕಾರಿಡಾರಿನ ಟ್ಯೂಬ್‌ಲೈಟು ಹತ್ತಲೋ ಬೇಡವೋ ಎಂದು ಮಿಣುಕುತ್ತಿದೆ. ಕಟ್ಟಡದಲ್ಲಿ ಕಾವಲುಗಾರನನ್ನು ಬಿಟ್ಟರೆ ನಾವಿಬ್ಬರೇ. ನಾನೂ ಹತ್ತಿರ ಹೋಗಿ ಕಿವಿಗೊಡುತ್ತೇನೆ. ಏನೂ ಕೇಳಿಸುವುದಿಲ್ಲ.

“ನಿಮಗೇನು ಕೇಳಿಸ್ತಿದೆ?”

“ಏನೂ ಇಲ್ಲ,” ಎನ್ನುತ್ತಾರೆ ಅವರು ಖುಷಿಯಿಂದ. “ಒಳಗಿನ ಇಟ್ಟಿಗೆ ಬಿಸಿ ಇದ್ದಾಗ ಟಿಕ್ ಟಿಕ್ ಅನ್ನುತ್ತೆ. ಸುಮ್ಮನಾಯ್ತು ಅಂದ್ರೆ ಬಾಗಿಲು ತೆಗೀಬಹುದು. ಮೀಟರ್ ಇದೆ, ಅದನ್ನೂ ನೋಡ್ತೀನಿ. ಆದ್ರೂ ಕಿವಿ ಕೊಡದೆ ತೆಗೆದ್ರೆ ನನಗೆ ಸಮಾಧಾನ ಇಲ್ಲ.”

ಉದ್ದನೆಯ ಇಕ್ಕಳದಿಂದ ಬಿಳಿಯ ಮೂಸೆಯೊಂದನ್ನು ಹಿಡಿದು ಹೊರಗೆಳೆಯುತ್ತಾರೆ. ಮುಚ್ಚಳವಿರುವ ಸಣ್ಣ ಪಿಂಗಾಣಿ ಬಟ್ಟಲಿನಂತಿದೆ ಅದು. ಮೇಜಿನ ಇಟ್ಟಿಗೆಯ ಮೇಲೆ ಇಡುವಾಗ ಎಡಗೈಯಿಂದ ಬಲ ಮೊಣಕೈಗೆ ಆಸರೆ ಕೊಟ್ಟುಕೊಳ್ಳುತ್ತಾರೆ. ನಾನು ಅದನ್ನು ಗಮನಿಸಿದ್ದನ್ನು ಅವರೂ ಗಮನಿಸುತ್ತಾರೆ. “ಇದು ಆರೋವರೆಗೆ ಮುಟ್ಟೋ ಹಾಗಿಲ್ಲ. ಏನು ಕೇಳ್ಬೇಕೋ ಕೇಳಿ,” ಎಂದು ಸ್ಟೂಲು ಎಳೆದುಕೊಂಡು ಕೂರುತ್ತಾರೆ.

ಕೇಳಲು ಬೇಕಾದಷ್ಟಿದೆ, ಆದರೆ ಎಲ್ಲಿಂದ ಹಿಡಿಯಬೇಕೆಂದು ತಿಳಿಯುತ್ತಿಲ್ಲ. ತೆರೆಮರೆಯಲ್ಲಿ ದುಡಿಯುವವರೊಬ್ಬರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದು ತಾ ಎಂದು ಸಂಪಾದಕರು ನನ್ನನ್ನು ಇಲ್ಲಿಗೆ ಅಟ್ಟಿದ್ದಾರೆ. ನಿನ್ನೆಯಿಂದ ಓಡಾಡಿ ನನ್ನ ತಲೆ ಕಲಸುಮೇಲೋಗರವಾಗಿದೆ. ನನಗೊಬ್ಬಳಿಗೇ ಹೀಗಾಗಿದ್ದರೆ ನಾಚಿಕೆಪಟ್ಟು ಸುಮ್ಮನಿರಬಹುದಿತ್ತು. ಇಲ್ಲಿನ ಪ್ರಾಧ್ಯಾಪಕರೂ ತಲೆ ಕೆರೆದುಕೊಳ್ಳುತ್ತಿದ್ದಾರೆ, ಅವರ ಕೈಕೆಳಗಿನ ಸಂಶೋಧಕಿಯೂ ಕಣ್ಣು ಕಣ್ಣು ಬಿಡುತ್ತಿದ್ದಾಳೆ. ಈ ಮೂಸೆಯೊಳಗೆ ಇರುವುದನ್ನು ಅಳೆದರೆ ಗೊಂದಲ ತೀರುತ್ತದೆ ಎಂದು ಎಲ್ಲರೂ ಕಾಯುತ್ತಿದ್ದಾರೆ.

ಪ್ರಯೋಗಾಲಯದಲ್ಲಿ ಇವರಿಗೆ ಬಿಲ್ಲೆ ಅಕ್ಕ ಎಂದೇ ಹೆಸರು. ಪುಡಿಗಳನ್ನು ತೂಗಿ, ಅರೆದು, ಅಚ್ಚಿನಲ್ಲಿ ಒತ್ತಿ, ಕುಲುಮೆಯಲ್ಲಿ ಸುಟ್ಟು, ಅಂಗಿಯ ಗುಂಡಿಯಷ್ಟಗಲದ ಬಿಲ್ಲೆ ಮಾಡಿಕೊಡುವುದು ಇವರ ಕೆಲಸ. ಬಿಲ್ಲೆಯಲ್ಲಿರುವುದು ಮೂರೇ ಮೂರು: ವಿರಳ ಭಸ್ಮ ಎಂಬ ಗುಂಪಿಗೆ ಸೇರಿದ ಯಾವುದಾದರೊಂದು ಲೋಹ, ಕ್ರೋಮಿಯಂ, ಆಮ್ಲಜನಕ. ಈ ಮೂರೂ ಒಂದು ಬಗೆಯಲ್ಲಿ ಜೋಡಿಸಿಕೊಂಡು ಕೂತರೆ ಅದನ್ನು ಪೆರೊವ್‌ಸ್ಕೈಟ್ ಎನ್ನುತ್ತಾರಂತೆ. ಆ ಹೆಸರು ನನ್ನ ನಾಲಿಗೆಗೆ ಇನ್ನೂ ಹತ್ತಿಲ್ಲ. ಅಕ್ಕ ಸಲೀಸಾಗಿ ‘ಪೆರಸ್ಕಿ’ ಎಂದು ಮುಗಿಸುತ್ತಾರೆ. ಈಚೆಗೆ ಪ್ರಾಧ್ಯಾಪಕರೂ ಹಾಗೇ ಅನ್ನುತ್ತಾರೆ.

“ನಾನು ಇಲ್ಲಿಗೆ ಬಂದಿದ್ದು ಗಾಜಿನ ಸಾಮಾನು ತೊಳೆಯೋದಕ್ಕೆ,” ಎನ್ನುತ್ತಾರೆ ಅಕ್ಕ. “ಆಗ ಹಳೇ ಸರ್ ಇದ್ರು. ಒಂದಿನ ಅವರೇ ಕೂತು ಅರೀತಿದ್ರು. ಯಾರದೋ ಫೋನ್ ಬಂತು. ‘ಇದನ್ನ ಸ್ವಲ್ಪ ತಿರುಗಿಸ್ತಿರಮ್ಮ, ಈಗ ಬಂದೆ’ ಅಂತ ಎದ್ದು ಹೋದ್ರು. ನಾನು ಇನ್ನೂ ತಿರುಗಿಸ್ತಾನೇ ಇದೀನಿ.”

ತಿರುಗಿಸುವುದು ಎಂದರೆ ಅಗೇಟ್ ಎಂಬ ಗಟ್ಟಿ ಕಲ್ಲಿನ ಪುಟ್ಟ ಒರಳಲ್ಲಿ. ಅಂಗೈಯಲ್ಲಿ ಹಿಡಿಸುವಂಥ ಒರಳು, ಹೆಬ್ಬೆರಳಿನಂಥ ಗುಂಡು. ಪುಡಿಯಲ್ಲಿ ಹರಳು ಕೈಗೆ ಸಿಕ್ಕುವುದು ನಿಂತ ಮೇಲೂ ಅರೆಯಬೇಕು, ಬೇಸರ ಬಂದ ಮೇಲೂ ಅರೆಯಬೇಕು. ಆಮೇಲೆ ಸುಡಬೇಕು, ಮತ್ತೆ ಅರೆಯಬೇಕು, ಮತ್ತೆ ಸುಡಬೇಕು. ಕುಲುಮೆ ಸಾವಿರದ ನಾನೂರು ಡಿಗ್ರಿಯವರೆಗೆ ಹೋಗುತ್ತದೆ. ಅಕ್ಕನ ಉಗುರಿನ ಸಂದಿಯಲ್ಲಿ ಹಸಿರು ಬಣ್ಣ ಕಾಯಂ ಆಗಿ ಕೂತಿದೆ. ವರ್ಷಗಟ್ಟಲೆ ಒಂದೇ ಕಡೆ ತಿರುಗಿಸಿ ಮೊಣಕೈ ಕೈಕೊಟ್ಟಿದೆ. ಹೋದ ವರ್ಷ ವೈದ್ಯರು ಅರೆಯುವುದನ್ನು ಬಿಡಿ ಎಂದು ಕಡ್ಡಿ ಮುರಿದಂತೆ ಹೇಳಿದ್ದರಿಂದ ಹಲವು ತಿಂಗಳು ಮನೆಯಲ್ಲಿದ್ದರು. ಎಲ್ಲ ತೊಂದರೆ ಶುರುವಾದದ್ದು ಆಗಲೇ.

ಮನೆ ಎಂದರೆ ಅಂಗಡಿಯ ಮೇಲಿನ ಎರಡು ಕೋಣೆ. ಕೆಳಗಿನ ಅಂಗಡಿಯಲ್ಲಿ ಅಕ್ಕನ ಗಂಡ ಸುಟ್ಟುಹೋದ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುತ್ತಾರೆ. ನಿನ್ನೆ ಸಂಜೆ ನಾನು ಹೋದಾಗ ವಾರ್ನಿಷ್ ವಾಸನೆಯ ನಡುವೆ ಕೂತು, ಹೆಂಡತಿಯ ಕೆಲಸದ ಬಗ್ಗೆ ಅವರು ತಮ್ಮ ತೀರ್ಪು ಕೊಟ್ಟರು.

“ನೋಡಿ, ನನ್ನ ಮೋಟಾರಿನಲ್ಲಿ ತಾಮ್ರ ಇದೆ, ಕರೆಂಟು ಹರಿಯುತ್ತೆ. ಕಬ್ಬಿಣ ಇದೆ, ಅಯಸ್ಕಾಂತ ಆಗುತ್ತೆ. ಇವಳು ಅರೆಯೋ ಪುಡಿ ಅಯಸ್ಕಾಂತಕ್ಕೆ ಅಂಟಲ್ಲ, ಕರೆಂಟು ಕೊಟ್ರೆ ಹರಿಯಲ್ಲ. ಅಂಥದ್ದರಲ್ಲಿ ಅಯಸ್ಕಾಂತದ ಗುಣ ಏನು, ವಿದ್ಯುತ್ತಿನ ಗುಣ ಏನು ಅಂತ ಹುಡುಕ್ತಾನೇ ಇದಾರೆ. ಇಲ್ಲದ್ದನ್ನ ಹುಡುಕೋದಕ್ಕೂ ಸಂಬಳ ಕೊಡ್ತಾರಲ್ಲ, ಪುಣ್ಯಾತ್ಮರು!”

“ರೀ, ಸ್ವಲ್ಪ ಅಂಟುತ್ತೆ, ಸ್ವಲ್ಪ ಹರಿಯುತ್ತೆ,” ಎಂದು ಅಕ್ಕ ಮೆಟ್ಟಿಲ ಮೇಲಿಂದಲೇ ತಿದ್ದಿದರು.

“ಆ ಸ್ವಲ್ಪ ನನ್ನ ಕಣ್ಣಿಗೆ ಕಾಣಲ್ವಲ್ಲ.”

“ನನ್ನ ಕಣ್ಣಿಗೂ ಕಾಣಲ್ಲ. ಕಾಣೋದು ಮಷೀನಿಗೆ.”

ಅಕ್ಕ ಒಳಗೆ ಹೋದ ಮೇಲೆ ಅವರ ದನಿ ತಗ್ಗಿತು. “ತಮಾಷೆ ಮಾಡ್ತೀನಿ, ಇವಳು ನಗಲಿ ಅಂತ. ಆ ‘ಕೊಳೆ’ ಅನ್ನೋ ಮಾತು ಕಿವಿಗೆ ಬಿದ್ದ ದಿನದಿಂದ ಇವಳಿಗೆ ಊಟ ಸೇರ್ತಿಲ್ಲ.”

ಆ ಮಾತಿನ ಹಿನ್ನೆಲೆಯನ್ನು ಪ್ರಾಧ್ಯಾಪಕರು ನನಗೆ ಹೇಳಿದ್ದಾರೆ. ನನಗೆ ದಕ್ಕಿದಷ್ಟನ್ನು ಇಲ್ಲಿ ಕೊಡುತ್ತೇನೆ. ಬಿಲ್ಲೆಯೊಳಗಿನ ಒಂದೊಂದು ಕ್ರೋಮಿಯಂ ಪರಮಾಣುವೂ ಒಂದು ಪುಟಾಣಿ ಅಯಸ್ಕಾಂತ. ತಣಿದಾಗ ಅವು ಪಕ್ಕದವರಿಗೆ ವಿರುದ್ಧವಾಗಿ ಕೂರುತ್ತವೆ. ಒಂದು ಮೇಲೆ ನೋಡಿದರೆ ಪಕ್ಕದ್ದು ಕೆಳಗೆ. ಕೂಡಿ ಕಳೆದರೆ ಸೊನ್ನೆ ಬರಬೇಕು, ಆದರೆ ಎಲ್ಲವೂ ಒಂಚೂರು ಒಂದೇ ಕಡೆಗೆ ವಾಲಿರುತ್ತವೆ. ಆ ವಾಲಿಕೆಯಿಂದ ಬಿಲ್ಲೆಗೆ ಸಣ್ಣದೊಂದು ಅಯಸ್ಕಾಂತ ಗುಣ ಬರುತ್ತದೆ. ಹೊರಗಿನಿಂದ ಅಯಸ್ಕಾಂತವೊಂದರ ಸೆಳೆತವನ್ನು ಕೊಟ್ಟು ಬಿಲ್ಲೆಯ ಚೂರನ್ನು ತಣಿಸುತ್ತ ಹೋದರೆ ಆ ಗುಣವೂ ಸೆಳೆತದ ದಿಕ್ಕಿಗೇ ಇರುತ್ತದೆ. ಯಂತ್ರ ಅದನ್ನು ಪ್ಲಸ್ ಎಂದು ತೋರಿಸುತ್ತದೆ. ಆದರೆ ಜೊತೆಗಿರುವ ವಿರಳ ಭಸ್ಮ ಲೋಹಕ್ಕೂ ತನ್ನದೇ ಅಯಸ್ಕಾಂತವಿದ್ದರೆ ಕಥೆ ಬೇರೆ. ಗ್ಯಾಡೊಲಿನಿಯಂ ಅಂಥದ್ದು. ಬಹಳ ತಣ್ಣಗಾದ ಮೇಲೆ ಅದು ಕ್ರೋಮಿಯಂಗೆ ಎದುರು ನಿಂತು, ಬಿಲ್ಲೆಯನ್ನೇ ಮೈನಸ್ ಕಡೆಗೆ ಎಳೆದುಬಿಡುತ್ತದೆ.

“ಅದೇ ಗುಂಪಿನ ಲ್ಯಾಂಥನಂಗೆ ಆ ತಾಕತ್ತಿಲ್ಲ,” ಎಂದು ಪ್ರಾಧ್ಯಾಪಕರು ಹೇಳಿದರು. “ಅದು ಪಾಪದ್ದು. ಅದಕ್ಕೆ ಸ್ವಂತ ಅಯಸ್ಕಾಂತ ಅನ್ನೋದೇ ಇಲ್ಲ. ಆ ಮನೇಲಿ ಕ್ರೋಮಿಯಂಗೆ ಎದುರು ಮಾತಾಡೋರು ಯಾರೂ ಇಲ್ಲ. ಅಲ್ಲಿ ಮೈನಸ್ ಬರಲೇಬಾರದು.”

ಅಕ್ಕ ಹೋದ ವರ್ಷ ಮಾಡಿದ ಲ್ಯಾಂಥನಂ ಬಿಲ್ಲೆಯಲ್ಲಿ ಮೈನಸ್ ಬಂದಿದೆ.

ಸಂಶೋಧಕಿ ಮೊದಲು ಅದನ್ನು ನಂಬಲಿಲ್ಲ. ಅಳೆಯುವ ಯಂತ್ರದಲ್ಲಿ ಹಿಂದಿನ ಪ್ರಯೋಗದ ಅಯಸ್ಕಾಂತ ಸೆಳೆತ ಒಂಚೂರು ಉಳಿದುಬಿಡುವುದುಂಟು. ಪರದೆ ಸೊನ್ನೆ ಎಂದರೂ ಒಳಗೆ ಸೊನ್ನೆ ಇರುವುದಿಲ್ಲ. ಆಗ ಇಂಥ ಸುಳ್ಳು ಮೈನಸ್ ಬರಬಹುದು. ಹಾಗಾಗಿ ಅದೇ ಚೂರನ್ನು ಬೇರೊಂದು ಸಂಸ್ಥೆಗೆ ಒಯ್ದು ಅಲ್ಲಿನ ಯಂತ್ರದಲ್ಲಿ ಅಳೆದಳು. ಅಲ್ಲಿಯೂ ಮೈನಸ್. ಎಕ್ಸ್‌ರೇ ಹಾಯಿಸಿ ನೋಡಿದಳು. ಬೇರೆ ಯಾವ ಪದಾರ್ಥವೂ ಸೇರಿಲ್ಲ, ಶುದ್ಧ ಎಂದು ಬಂತು. ಹೊಸದೊಂದು ಗುಣ ಸಿಕ್ಕಿತು ಎಂದು ಎಲ್ಲರೂ ಕುಣಿದಾಡಿದರು. ಅಷ್ಟರಲ್ಲಿ ಅಕ್ಕನ ಮೊಣಕೈ ಕೈಕೊಟ್ಟಿತ್ತು. ಮುಂದಿನ ಬಿಲ್ಲೆಗಳನ್ನು ಸಂಶೋಧಕಿಯೇ ಮಾಡಿದಳು: ಪ್ಲಸ್. ಪ್ರಾಧ್ಯಾಪಕರು ತೋಳು ಮಡಿಸಿ ತಾವೇ ಅರೆದರು: ಅದೂ ಪ್ಲಸ್. ಆಮೇಲೆ ವಿಜ್ಞಾನಿಗಳ ಸಭೆಯೊಂದರಲ್ಲಿ ಹಿರಿಯರೊಬ್ಬರು ಎದ್ದು ನಿಂತು, ಬಿಲ್ಲೆ ಮಾಡಿದವರ ಕೈಯಿಂದ ಏನೋ ಕೊಳೆ ಸೇರಿರಬೇಕು, ನೋಡಿಕೊಳ್ಳಿ ಎಂದರಂತೆ.

“ನಾನು ಅಲ್ಲಿರಲಿಲ್ಲ,” ಎನ್ನುತ್ತಾರೆ ಅಕ್ಕ, ಮೂಸೆಯ ಮೇಲೆ ಅಂಗೈ ಆಡಿಸಿ ಬಿಸಿ ನೋಡುತ್ತ. “ಇದ್ದಿದ್ರೂ ಏನೂ ಹೇಳ್ತಿರಲಿಲ್ಲ ಬಿಡಿ. ಕೊಳೆ ಇದ್ರೂ ಇರಬಹುದು. ಈ ತಿಂಗಳು ಮುಗಿದ್ರೆ ನಾನು ರಿಟೈರ್ ಆಗ್ತೀನಿ. ಹೋಗೋ ಮುಂಚೆ ಅದೊಂದು ಗೊತ್ತಾಗ್ಬೇಕು. ನನ್ನ ಕೈಯ ಕೊಳೆನೋ, ಆ ಪುಡಿಯ ಗುಣನೋ.”

ಅದಕ್ಕೇ ಅವರು ವೈದ್ಯರ ಮಾತು ಮೀರಿ ಮತ್ತೊಮ್ಮೆ ಅರೆದಿದ್ದಾರೆ. ಹೋದ ವರ್ಷ ಹೇಗೆ ಮಾಡಿದ್ದರೋ ಹಾಗೇ, ಅದೇ ಒರಳು, ಅದೇ ಕುಲುಮೆ. ಆ ಹೊಸ ಬಿಲ್ಲೆಗಳು ಈಗ ಈ ಮೂಸೆಯಲ್ಲಿವೆ.

ಮುಚ್ಚಳ ತೆಗೆದಾಗ ನನಗೆ ಬಿಲ್ಲೆ ಕಾಣುವುದಿಲ್ಲ, ಬರೀ ಹಸಿರು ಪುಡಿ. ಅತಿ ಬಿಸಿಯಲ್ಲಿ ಕ್ರೋಮಿಯಂ ಆವಿಯಾಗಿ ಹಾರಿಹೋಗುತ್ತದಂತೆ. ಅದನ್ನು ತಡೆಯಲು ಬಿಲ್ಲೆಗಳನ್ನು ಅದೇ ಜಾತಿಯ ಪುಡಿಯಲ್ಲಿ ಹೂತು ಸುಡುತ್ತಾರೆ. ಅದಕ್ಕೆ ಹಾಸು ಎಂದು ಇಲ್ಲಿನ ಹೆಸರು. ಅಕ್ಕ ಪ್ಲಾಸ್ಟಿಕ್ ಚಿಮುಟದಿಂದ ಬಿಲ್ಲೆಗಳನ್ನು ಹೆಕ್ಕಿ ಕಾಗದದ ಮೇಲಿಡುತ್ತಾರೆ. ಕಬ್ಬಿಣದ ಚಿಮುಟ ಈ ಕೋಣೆಗೆ ನಿಷಿದ್ಧ, ಅದರ ಒಂದು ಕಣ ಅಂಟಿದರೂ ಅಳತೆಯೆಲ್ಲ ಹಾಳು. ಬಿಲ್ಲೆ ತೆಗೆದ ಮೇಲೆ ಉಳಿದ ಹಾಸನ್ನು ಒಂದು ಕಣವೂ ಚೆಲ್ಲದಂತೆ ಚಮಚದಲ್ಲಿ ಬಾಚಿ, ಕಪಾಟಿನಿಂದ ತೆಗೆದ ಹಳೆಯ ಪ್ಲಾಸ್ಟಿಕ್ ಡಬ್ಬಿಯೊಂದಕ್ಕೆ ಹಾಕತೊಡಗುತ್ತಾರೆ.

“ಇದನ್ನ ಎಸೆಯಲ್ವಾ?”

“ಎಸೆಯೋದಾ! ಎಷ್ಟು ದುಬಾರಿ ಗೊತ್ತಾ ಇದು? ಮೊಸರಿಗೆ ಹೆಪ್ಪು ಉಳಿಸ್ಕೊಳ್ಳಲ್ವಾ, ಹಾಗೆ. ಹಳೇ ಸರ್ ಕಾಲದಿಂದ ಈ ಡಬ್ಬಿ ಖಾಲಿ ಆಗಿಲ್ಲ. ಪುಡಿ ಸಿಗದೆ ಒದ್ದಾಡ್ತಿದ್ದಾಗ ಅವರೇ ಹೇಳಿದ್ರು, ಎಲ್ಲಾ ಒಂದೇ ವಂಶದವು, ಹಾಸೋದಕ್ಕೆ ಯಾವುದಾದ್ರೇನು ಅಂತ. ಎರ್ಬಿಯಂದು, ಡಿಸ್ಪ್ರೋಸಿಯಂದು, ಗ್ಯಾಡೊಲಿನಿಯಂದು, ಎಲ್ಲಾ ಇದರಲ್ಲಿದೆ.”

ಆ ಹೊತ್ತಿನಲ್ಲಿ ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು. ನಿನ್ನೆ ಕಲಿತ ಹೆಸರೊಂದು ಕಿವಿಗೆ ಬಿದ್ದ ಸಂಭ್ರಮಕ್ಕೆ ಬಾಯಿ ಬಿಡುತ್ತೇನೆ. “ಗ್ಯಾಡೊಲಿನಿಯಂ ಅಂದ್ರೆ ಆ ಎದುರು ದಿಕ್ಕಿಗೆ ಎಳೆಯೋದು ಅಲ್ವಾ?”

ಚಮಚ ಡಬ್ಬಿಯ ಬಾಯಲ್ಲೇ ನಿಲ್ಲುತ್ತದೆ. ಅಕ್ಕ ನನ್ನನ್ನು ನೋಡುವುದಿಲ್ಲ, ಡಬ್ಬಿಯನ್ನು ನೋಡುತ್ತಾರೆ.

“ಹೋದ ವರ್ಷಾನೂ ಇದನ್ನೇ ಹಾಸಿದ್ದೆ,” ಎನ್ನುತ್ತಾರೆ ಕೊನೆಗೆ, ತಮಗೇ ಹೇಳಿಕೊಳ್ಳುವಂತೆ. “ಪುಟ್ಟಿ ಮಾಡಿದಾಗ ಹೊಸ ಪುಡಿ ಹಾಸಿದ್ಲು. ಪುಸ್ತಕದಲ್ಲಿ ಹಾಗಿದೆ ಅಂತ.”

ಪುಟ್ಟಿ ಎಂದರೆ ಸಂಶೋಧಕಿ. ಮೂವತ್ತು ದಾಟಿದವಳು, ಪಿಎಚ್‌ಡಿಗಾಗಿ ವರ್ಷಗಟ್ಟಲೆ ಇಲ್ಲಿ ಬೆವರು ಸುರಿಸಿದವಳು. ಅಕ್ಕನಿಗೆ ಮಾತ್ರ ಪುಟ್ಟಿ.

ಪ್ರಾಧ್ಯಾಪಕರೂ ಸಂಶೋಧಕಿಯೂ ಬರುವ ಹೊತ್ತಿಗೆ ಅಕ್ಕ ಪ್ರಾಧ್ಯಾಪಕರ ಕೋಣೆಯ ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತಿದ್ದಾರೆ. ಹಾಸಿನಲ್ಲಿ ಗ್ಯಾಡೊಲಿನಿಯಂ ಇದ್ದದ್ದನ್ನು ತಡವರಿಸಿ ಹೇಳುತ್ತಾರೆ. ಸಂಶೋಧಕಿಗೆ ಅರ್ಥವಾಗಲು ಅರೆಕ್ಷಣ ಸಾಕು.

“ಅಕ್ಕಾ! ಈ ಡಬ್ಬಿ ದಿನಾ ನೋಡ್ತಿದ್ನಲ್ಲ! ಬಿಸಾಕೋ ಪುಡಿ ಅಂದ್ಕೊಂಡಿದ್ದೆ. ಯಾಕೆ ಹೇಳಲಿಲ್ಲ ನೀವು?”

“ನೀನು ಕೇಳಲಿಲ್ಲ ಪುಟ್ಟಿ. ಕೇಳಬೇಕಿತ್ತು ಅಂತಲ್ಲ, ನನಗೇ ಹೊಳೀಲಿಲ್ಲ. ದಿನಾ ಮಾಡೋದು ಹೇಳೋ ವಿಷಯ ಅಂತ ಅನ್ನಿಸಲೇ ಇಲ್ಲ.”

ಸಂಶೋಧಕಿ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಾಳೆ. ಅವಳ ಕಣ್ಣು ತುಂಬಿದೆ. ಎಲ್ಲಿಂದಲೋ ಬಂದು ಒಂದು ಪ್ರಶ್ನೆ ಕೇಳಿ ಮೂರು ಜನರ ಬೆಳಗನ್ನು ಹಾಳುಮಾಡಿದ ನಾನು ಗೋಡೆಗೆ ಅಂಟಿಕೊಂಡು ನಿಲ್ಲುತ್ತೇನೆ. ಪ್ರಾಧ್ಯಾಪಕರಿಗೆ ಮಾತ್ರ ಸಿಟ್ಟು ಬಂದಂತಿಲ್ಲ. ಉತ್ತರವೊಂದು ಸಿಕ್ಕೀತು ಎಂಬ ಆಸೆಯಲ್ಲಿ ಅವರ ಮುಖ ಸ್ವಲ್ಪ ಅರಳಿದೆ ಕೂಡ.

“ಹಾಗಾದ್ರೆ ಲೆಕ್ಕ ಸುಲಭ,” ಎನ್ನುತ್ತಾರೆ. “ಬಿಸಿಗೆ ಹಾಸಿನ ಗ್ಯಾಡೊಲಿನಿಯಂ ಒಂಚೂರು ಬಿಲ್ಲೆಯೊಳಕ್ಕೆ ಇಳಿದಿದ್ರೆ ಎಕ್ಸ್‌ರೇ ಕಣ್ಣಿಗೂ ಬೀಳಲ್ಲ. ಡಬ್ಬಿ ಕಾರಣ ಆಗಿದ್ರೆ ಇವತ್ತಿನ ಬಿಲ್ಲೇಲಿ ಮೈನಸ್ ಬರಲೇಬೇಕು. ಅಕ್ಕನ ಕೈಯಲ್ಲೇ ಅರೆದು, ಹೊಸ ಪುಡಿ ಹಾಸಿ ಸುಟ್ಟಿದ್ದರಲ್ಲಿ ಬರಬಾರದು. ಅಕ್ಕ, ಇನ್ನೊಂದು ಸಲ ಅರೆಯೋಕಾಗುತ್ತಾ?”

“ಆಗುತ್ತೆ ಸರ್,” ಎನ್ನುತ್ತಾರೆ ಅಕ್ಕ. ಮೊಣಕೈಯನ್ನು ಸೆರಗಿನಡಿ ಮರೆಮಾಡಿಕೊಳ್ಳುತ್ತಾರೆ.

ನಾನು ಮತ್ತೆ ಬರುವುದು ಅಳತೆಯ ದಿನ. ಪುರವಣಿಯಲ್ಲಿ ನನ್ನ ಜಾಗ ಖಾಲಿ ಹೋಗಿದೆ, ಸಂಪಾದಕರ ಕೈಲಿ ಉಗಿಸಿಕೊಂಡಿದ್ದೇನೆ. ಏನಾದರಾಗಲಿ, ಉತ್ತರ ಗೊತ್ತಾಗದೆ ಬರೆಯಲು ಕೈ ಏಳುತ್ತಿಲ್ಲ. ಅಕ್ಕ ಮೇಜಿನ ಮುಂದೆ ಕೂತು ಜ್ಯೂಸ್ ಕುಡಿಯುವ ಪ್ಲಾಸ್ಟಿಕ್ ಸ್ಟ್ರಾಗಳನ್ನು ಕತ್ತರಿಸುತ್ತಿದ್ದಾರೆ. ಬಿಲ್ಲೆಯ ಚೂರನ್ನು ಸ್ಟ್ರಾದೊಳಗೆ ಸಿಕ್ಕಿಸಿ ಯಂತ್ರದಲ್ಲಿ ತೂಗುಬಿಡುತ್ತಾರೆ ಎಂದರೆ ನಾನು ನಂಬುತ್ತಿರಲಿಲ್ಲ, ಕಣ್ಣಾರೆ ನೋಡುತ್ತಿದ್ದೇನೆ. ಬಣ್ಣದ ಗೆರೆ ಇರುವ ಸ್ಟ್ರಾ ಆಗದು, ಬಣ್ಣಕ್ಕೂ ಅಯಸ್ಕಾಂತ ಗುಣ ಇದ್ದೀತು. “ಜ್ಯೂಸ್ ಅಂಗಡಿಯವನು ನನ್ನನ್ನ ನೋಡಿದ್ರೆ ನಗ್ತಾನೆ. ಜ್ಯೂಸ್ ಒಂದಿನಾನೂ ತಗೊಂಡಿಲ್ಲ, ಬರೀ ಬಿಳಿ ಸ್ಟ್ರಾ ಆರಿಸ್ಕೊಂಡು ಹೋಗ್ತೀನಿ,” ಎನ್ನುತ್ತಾರೆ. ನಗುತ್ತಾರೆ, ಆದರೆ ಕಣ್ಣು ನಗುತ್ತಿಲ್ಲ.

ಮೊದಲು ಹೋದ ವರ್ಷದ ಚೂರು. ಪರದೆಯ ಮೇಲೆ ಚುಕ್ಕಿಗಳು ಒಂದೊಂದಾಗಿ ಮೂಡುತ್ತವೆ. ತಣಿಯುತ್ತ ತಣಿಯುತ್ತ ಏರಿ, ಆಮೇಲೆ ಇಳಿದು, ಸೊನ್ನೆಯ ಗೆರೆ ದಾಟಿ ಮೈನಸ್‌ಗೆ ಹೋಗುತ್ತವೆ. ಮೈನಸ್ ಇದ್ದದ್ದು ನಿಜ, ಈಗಲೂ ಇದೆ. ಆಮೇಲೆ ಹೊಸ ಪುಡಿ ಹಾಸಿ ಸುಟ್ಟ ಚೂರು. ಪ್ಲಸ್‌ನಲ್ಲೇ ಉಳಿಯುತ್ತದೆ. ಪ್ರಾಧ್ಯಾಪಕರು ತಲೆದೂಗುತ್ತಾರೆ. ಕೊನೆಯದು ಡಬ್ಬಿಯ ಹಾಸಿನಲ್ಲಿ ಸುಟ್ಟದ್ದು, ನನ್ನ ಕಣ್ಣೆದುರು ಮೂಸೆಯಿಂದ ಹೊರಬಂದದ್ದು.

ಚುಕ್ಕಿಗಳು ಏರುತ್ತವೆ. ಇನ್ನು ಇಳಿಯಬೇಕು ಎನ್ನುವ ಜಾಗ ಬರುತ್ತದೆ, ಇಳಿಯುವುದಿಲ್ಲ. ಯಂತ್ರ ತಣಿಯಬಹುದಾದಷ್ಟು ತಣಿಯುತ್ತದೆ. ಪ್ಲಸ್, ಪ್ಲಸ್, ಪ್ಲಸ್.

“ಅಂದ್ರೆ ಡಬ್ಬಿ ಕಾರಣ ಅಲ್ವಾ?” ಎಂದು ಕೇಳುವವಳು ಸಂಶೋಧಕಿ.

“ಡಬ್ಬಿ ಆಗಿದ್ರೆ ಇದರಲ್ಲೂ ಬರಬೇಕಿತ್ತು.”

“ಹಾಗಾದ್ರೆ ಲ್ಯಾಂಥನಂ ಗುಣಾನೇ?”

“ಗುಣ ಆಗಿದ್ರೆ ಮೂರರಲ್ಲೂ ಬರಬೇಕಿತ್ತಲ್ಲ.” ಪ್ರಾಧ್ಯಾಪಕರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಪರದೆ ನೋಡುತ್ತಾರೆ. ಪರದೆ ಇದ್ದ ಹಾಗೇ ಇದೆ. “ಆ ಡಬ್ಬಿಗೂ ಹೋದ ವರ್ಷದಿಂದ ಏನೇನೋ ಬಿದ್ದಿದೆ, ಆಗಿನ ಮಿಶ್ರಣ ಈಗಿಲ್ಲ. ಹಾಗಾಗಿ ಡಬ್ಬಿ ಅಲ್ಲವೇ ಅಲ್ಲ ಅಂತಲೂ ಹೇಳೋ ಹಾಗಿಲ್ಲ. ನನಗೆ ತಲೆಬುಡ ತಿಳೀತಿಲ್ಲ.”

ಸಂಶೋಧಕಿ ಮೊದಲು ನಗುತ್ತಾಳೆ. ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಾಳೆ. ಆಮೇಲೆ ಸ್ಟೂಲು ಎಳೆದುಕೊಂಡು ಅಕ್ಕನ ಮುಂದೆ ಕೂತು ಕೈ ಹಿಡಿಯುತ್ತಾಳೆ. “ಅಕ್ಕಾ, ಸ್ವಲ್ಪ ನೆನಪು ಮಾಡ್ಕೊಳ್ಳಿ. ಆ ದಿನ ಏನಾದ್ರೂ ಬೇರೆ ಮಾಡಿದ್ರಾ? ನಡುವೆ ಎದ್ದು ಹೋಗಿದ್ರಾ? ಕರೆಂಟು ಹೋಗಿತ್ತಾ? ಒರಳು ತೊಳೆದ ನೀರು ಬೇರೇನಾ?”

ಅಕ್ಕ ಕಣ್ಣು ಮುಚ್ಚುತ್ತಾರೆ. ನಿಜವಾಗಿಯೂ ಹುಡುಕುತ್ತಿದ್ದಾರೆ, ಹುಬ್ಬು ಗಂಟಿಕ್ಕಿದೆ. “ಆ ದಿನ ದಿನದ ಹಾಗೇ ಇತ್ತು ಪುಟ್ಟಿ,” ಎನ್ನುತ್ತಾರೆ. “ಅದಕ್ಕೇ ಒಂದೂ ನೆನಪಿಲ್ಲ. ಏನಾದ್ರೂ ಎಡವಟ್ಟಾಗಿದ್ರೆ ನೆನಪಿರ್ತಿತ್ತು.”

ನನಗೆ ಸಂಕಟವಾಗುತ್ತದೆ. ಇಷ್ಟು ವರ್ಷ ಅರೆದವರನ್ನು ಒಂದು ಉತ್ತರವಾದರೂ ಕೊಟ್ಟು ಕಳಿಸಬಾರದೇ ಈ ಹಾಳು ಪುಡಿ! ಸಂಶೋಧಕಿಗೂ ಹಾಗೇ ಅನ್ನಿಸಿರಬೇಕು. ಅಕ್ಕ ಒರಳು ತೊಳೆಯಲು ಎದ್ದಾಗ ಹಿಂದೆಯೇ ಹೋಗಿ, “ಆ ಹಿರಿಯರಿಗೆ ನಾನೇ ಹೇಳ್ತೀನಿ ಅಕ್ಕ, ಕೈಯ ಕೊಳೆ ಅಲ್ಲ ಅಂತ. ಈಗ ಪರೀಕ್ಷೆ ಮಾಡಿ ಆಯ್ತಲ್ಲ,” ಎನ್ನುತ್ತಾಳೆ.

“ಗೊತ್ತಿಲ್ಲದ್ದನ್ನ ಹೇಳ್ಬೇಡ,” ಎನ್ನುತ್ತಾರೆ ಅಕ್ಕ. ದನಿ ಗಡುಸಾಗಿಲ್ಲ, ಆದರೆ ಜಗ್ಗುವಂಥದ್ದೂ ಅಲ್ಲ. ನಲ್ಲಿ ನಿಲ್ಲಿಸಿ ನನ್ನ ಕಡೆಗೂ ತಿರುಗುತ್ತಾರೆ. “ನೀವೂ ಅಷ್ಟೇ. ಓದೋಕೆ ಚೆನ್ನಾಗಿರುತ್ತೆ ಅಂತ ಏನೇನೋ ಸೇರಿಸ್ಬೇಡಿ. ಗೊತ್ತಾಗಿಲ್ಲ ಅಂತಲೇ ಬರೀರಿ.”

ಬರೆದಿದ್ದೇನೆ. ಗೊತ್ತಾಗಿಲ್ಲ.

ಹೊರಡುವ ಮುಂಚೆ, ಇನ್ನೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಕೇಳಲೇಬೇಕಾದ ಪ್ರಶ್ನೆ ಅದು, ನಮ್ಮ ಕಸುಬಿನಲ್ಲಿ. ಅಕ್ಕ ಉತ್ತರವನ್ನು ನನಗೆ ಕೊಡುವುದಿಲ್ಲ, ಪಕ್ಕದಲ್ಲಿ ನಿಂತ ಸಂಶೋಧಕಿಗೆ ಕೊಡುತ್ತಾರೆ.

“ನಾನು ಹೋದ ಮೇಲೂ ನೀವು ಹುಡುಕ್ತೀರಲ್ಲ, ಗೊತ್ತಾದ ದಿನ ಒಂದು ಫೋನ್ ಮಾಡು ಪುಟ್ಟಿ. ಗುಣ ಅಂತಾದ್ರೂ ಮಾಡು, ಕೊಳೆ ಅಂತಾದ್ರೂ ಮಾಡು. ಅಕ್ಕನಿಗೆ ಬೇಜಾರಾಗುತ್ತೆ ಅಂತ ಸುಮ್ಮನಿರ್ಬೇಡ. ಆ ಕೊಳೇನೂ ಅರೆದಿದ್ದು ನಾನೇ ತಾನೇ.”